ಅದಮಾರಿನಿಂದ ಆರ್ಯಭಟದವರೆಗೆ

ಶ್ರೀಹರಿವಾಯುಗುರುಗಳ ಅನುಗ್ರಹದಿಂದ ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ಶಾಖಾಮಠದಲ್ಲಿ ಗೀತಾತಾತ್ಪರ್ಯದ ಪಾಠವು ನಡೆದಿತ್ತು. ಒಂದು ಸಂಜೆ ಮಂಗಳಾರತಿಯಾದ ಮೇಲೆ ರಾಯಚೂರು ಕಡೆಯ ತಾಯಿಯೊಬ್ಬರು ಕಂಬದ ಬಳಿ ಕಾದು ನಿಂತು ಕೇಳಿದರು: “ರಾಯರೇ, ನಮ್ಮ ಹುಡುಗ ಎಂ.ಎಸ್ಸಿ. ಮುಗಿಸ್ಯಾನ. ಇನ್ನೈದು ವರ್ಷ ಸಂಶೋಧನಾ ಮಾಡ್ತೀನಿ ಅಂತಾನ. ಓದೋದು ಬ್ಯಾಡ ಅನ್ನಂಗಿಲ್ಲ. ಆದ್ರ ಆ ಪ್ರಯೋಗಶಾಲಿಯೊಳಗ ಹೋದವ್ರು ಮೊದಲು ಸಂಧ್ಯಾವಂದನಿ ಬಿಡ್ತಾರ, ಆಮ್ಯಾಲ ದೇವ್ರನ್ನೂ ಬಿಡ್ತಾರ ಅಂತಾರಲ್ಲ?”

ಆಗ ಚುಟುಕಾಗಿ ಏನನ್ನೋ ಹೇಳಿ ಕಳುಹಿಸಿದೆನು. ಮನೆಗೆ ಬಂದ ಮೇಲೆ ಆ ಉತ್ತರವು ನನಗೇ ಸಾಲದೆಂದು ತೋರಿತು. ಬಾಲಾನಗರ, ಕಂಚನ್‌ಬಾಗ್, ತಾರ್ನಾಕಾಗಳ ಪ್ರಯೋಗಶಾಲೆಗಳಲ್ಲಿ ನಮ್ಮವರ ಮಕ್ಕಳು ಇಂದು ಕಡಿಮೆಯಿಲ್ಲ. ಆದುದರಿಂದ ಈ ಪ್ರಶ್ನೆ ಆ ಒಬ್ಬ ತಾಯಿಯದು ಮಾತ್ರವಲ್ಲ. ಉತ್ತರವನ್ನು ಒಬ್ಬ ಮಹನೀಯರ ಜೀವನವನ್ನು ಮುಂದಿಟ್ಟುಕೊಂಡು ಹೇಳಲು ಯತ್ನಿಸುತ್ತೇನೆ.

ಉಡುಪಿಯಿಂದ ಮಂಗಳೂರಿನ ಕಡೆಗೆ ಹೋಗುವ ದಾರಿಯಲ್ಲಿ ಅದಮಾರು ಎಂಬ ಗ್ರಾಮವಿದೆ. ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀನರಸಿಂಹತೀರ್ಥರ ಪರಂಪರೆಯ ಮಠಕ್ಕೆ ಆ ಊರಿನ ಹೆಸರೇ ಹೆಸರು. ಅದೇ ಊರಿನಲ್ಲಿ 1932ರ ಮಾರ್ಚ್ 10ರಂದು ಲಕ್ಷ್ಮೀನಾರಾಯಣ ಆಚಾರ್ಯ ಮತ್ತು ಕೃಷ್ಣವೇಣಿ ಅಮ್ಮನವರಿಗೆ ಜನಿಸಿದ ಬಾಲಕನೇ ಮುಂದೆ ಪ್ರೊ. ಯು. ಆರ್. ರಾವ್ ಎಂದು ಜಗತ್ಪ್ರಸಿದ್ಧರಾದ ಉಡುಪಿ ರಾಮಚಂದ್ರರಾಯರು. ಊರ ಶಾಲೆಯಿಂದ ಉಡುಪಿಗೆ, ಅಲ್ಲಿಂದ ಇಂಟರ್‌ಮೀಡಿಯೆಟ್‌ಗಾಗಿ ಬಳ್ಳಾರಿಗೆ, ಬಿ.ಎಸ್ಸಿ.ಗಾಗಿ ಅನಂತಪುರಕ್ಕೆ, ಎಂ.ಎಸ್ಸಿ.ಗಾಗಿ ಕಾಶಿಗೆ, ಸಂಶೋಧನೆಗಾಗಿ ಅಹಮದಾಬಾದಿಗೆ ಹೋದರು. ವಿದ್ಯೆಗಾಗಿ, ಅನ್ನಕ್ಕಾಗಿ ಊರು ಬಿಟ್ಟು ಈ ಭಾಗ್ಯನಗರಕ್ಕೆ ಬಂದ ನಮಗೆ ಇಂಥ ದಾರಿಯ ನಕ್ಷೆ ಹೊಸದಲ್ಲ. ಕೈಯಲ್ಲೊಂದು ಟ್ರಂಕು, ಮನಸ್ಸಿನಲ್ಲಿ ಊರ ದೇವರು. ಅಷ್ಟೇ ನಮ್ಮೆಲ್ಲರ ಬಂಡವಾಳವಾಗಿತ್ತು.

ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರಲ್ಲಿ ವಿಶ್ವಕಿರಣಗಳ ಅಧ್ಯಯನ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದು ರಾಯರು ಅಮೆರಿಕಕ್ಕೆ ತೆರಳಿದರು. ಸೂರ್ಯನಿಂದ ಹೊರಟ ಕಣಪ್ರವಾಹವು ನಿರಂತರವಾಗಿ ಹರಿಯುತ್ತಿದೆಯೆಂಬುದನ್ನು ಮ್ಯಾರಿನರ್-2 ನೌಕೆಯ ದತ್ತಾಂಶಗಳಿಂದ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಅಲ್ಲಿ ಪ್ರಾಧ್ಯಾಪಕ ಪದವಿಯಿದ್ದರೂ 1966ರಲ್ಲಿ ಸ್ವದೇಶಕ್ಕೆ ಮರಳಿದರು. ದೇವಋಣ, ಪಿತೃಋಣಗಳನ್ನು ನಾವು ಪಿತೃಪಕ್ಷದಲ್ಲಾದರೂ ನೆನೆಯುತ್ತೇವೆ. ಋಷಿಋಣವನ್ನು ಮರೆಯುವುದೇ ಹೆಚ್ಚು. ಪಡೆದ ವಿದ್ಯೆಯನ್ನು ಮುಂದಿನವರಿಗೆ ಒಪ್ಪಿಸಿದಾಗಲೇ ಆ ಋಣ ತೀರುವುದು. (ಮಕ್ಕಳು ವಿದೇಶದಲ್ಲಿರುವ ವಾಚಕರು ನೊಂದುಕೊಳ್ಳಬಾರದು. ಎಲ್ಲಿದ್ದರೂ ಕಲಿಸುವವನು ಋಷಿಋಣವನ್ನು ತೀರಿಸುತ್ತಲೇ ಇರುತ್ತಾನೆ.) ರಾಯರ ಪುತ್ರ ಮದನರಾಯರು ಸಹ ತಂದೆಯ ಹಾದಿಯಲ್ಲಿ ವಿಜ್ಞಾನಿಗಳಾದರೆಂಬುದು ಇಲ್ಲಿ ಸ್ಮರಣೀಯ.

1972ರಲ್ಲಿ ಉಪಗ್ರಹ ನಿರ್ಮಾಣದ ಹೊಣೆ ರಾಯರ ಹೆಗಲಿಗೆ ಬಂದಿತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಪಗ್ರಹವನ್ನು ಅದುವರೆಗೆ ಕಣ್ಣಿನಿಂದಲೂ ಕಂಡಿರದ ತರುಣರನ್ನು ಕೂಡಿಸಿಕೊಂಡು ಮೂರು ವರ್ಷಗಳೊಳಗೆ 360 ಕಿಲೋಗ್ರಾಂ ತೂಕದ ‘ಆರ್ಯಭಟ’ವನ್ನು ಸಿದ್ಧಪಡಿಸಿದರು. ಸಂಕೇತಗಳನ್ನು ಗ್ರಹಿಸುವ ಕೇಂದ್ರಕ್ಕೆ ಸ್ಥಳವಿಲ್ಲದೆ ಒಂದು ಶೌಚಾಲಯವನ್ನೇ ಬದಲಿಸಿಕೊಂಡರಂತೆ. ಮಡಿವಂತರಾದ ನಮಗೆ ಇದನ್ನು ಕೇಳಿ ನಗು ಬಂದೀತು. ಆದರೆ ಕಾರ್ಯಶ್ರದ್ಧೆಯೆಂದರೆ ಸ್ಥಳದ ನೆಪ ಹೇಳದಿರುವುದು. 1975ರ ಏಪ್ರಿಲ್ 19ರಂದು ಸೋವಿಯತ್ ದೇಶದ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಆ ಉಪಗ್ರಹದ ಚಿತ್ರವಿದ್ದ ಎರಡು ರೂಪಾಯಿಯ ನೋಟು ಎಷ್ಟೋ ವರ್ಷ ನಮ್ಮ ಮಠಗಳ ಮಂಗಳಾರತಿ ತಟ್ಟೆಯಲ್ಲಿ ಬೀಳುತ್ತಿತ್ತು. ಅದೇನೆಂದು ನೋಡಿದವರು ಕಡಿಮೆ.

ಕಕ್ಷೆಗೆ ಸೇರಿದ ಐದಾರು ದಿನಗಳಲ್ಲೇ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಮುಂದೆ ರಾಯರು 1984ರಿಂದ 1994ರವರೆಗೆ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದಾಗಲೂ ಎ.ಎಸ್.ಎಲ್.ವಿ. ರಾಕೆಟ್ 1987ರಲ್ಲಿ ಒಮ್ಮೆ, 1988ರಲ್ಲಿ ಮತ್ತೊಮ್ಮೆ ವಿಫಲವಾಯಿತು. ದೇಶವೆಲ್ಲ ನೋಡುತ್ತಿರಲು ವರ್ಷಗಳ ಶ್ರಮ ಸಮುದ್ರದ ಪಾಲಾಯಿತು. 1992ರ ಮೇ 20ರಂದು ಮೂರನೆಯ ಪ್ರಯತ್ನ ಫಲಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೆಂದು ಮೊದಲು ಸ್ಥಾಪಿಸಿ, ಅನಂತರ ಆ ಕರ್ತೃತ್ವವು ಪರಾಧೀನವೆಂದು ಶ್ರೀಮದಾಚಾರ್ಯರು ಭಾಷ್ಯದಲ್ಲಿ ನಿರ್ಣಯಿಸಿದ್ದಾರೆ. ಈ ಕ್ರಮವನ್ನು ಗಮನಿಸಬೇಕು. ಜೀವನು ಕರ್ತನೇ ಅಲ್ಲವೆಂದಿದ್ದರೆ ವಿಧಿನಿಷೇಧಗಳು ವ್ಯರ್ಥವಾಗುತ್ತಿದ್ದವು. ಬೆಳಿಗ್ಗೆ ಎದ್ದು ಪ್ರಯೋಗಶಾಲೆಗೆ ಹೋಗುವುದಕ್ಕೂ ಅರ್ಥವಿರುತ್ತಿರಲಿಲ್ಲ. ಸ್ವತಂತ್ರ ಕರ್ತನೆಂದರೆ ರಾಕೆಟ್ ಬಿದ್ದ ದಿನ ಎದೆಯೊಡೆದು ಸಾಯಬೇಕು, ಏರಿದ ದಿನ ಮದವೇರಬೇಕು. ಎರಡೂ ಅಲ್ಲದ ನಡುವಿನ ಹಾದಿಯನ್ನು ನಮ್ಮ ಸಿದ್ಧಾಂತ ತೋರಿಸಿದೆ. ಎರಡು ಸಲ ಬಿದ್ದ ಮೇಲೆ ದೋಷವನ್ನು ಹುಡುಕಿ ಮೂರನೆಯ ಸಲ ನಿಲ್ಲುವವನಿಗೆ ಈ ತತ್ತ್ವ ಪುಸ್ತಕದ ಮಾತಲ್ಲ, ಪ್ರತಿದಿನದ ಊರುಗೋಲು.

ಇನ್ನು ಆ ತಾಯಿಯ ಭಯದ ಮೂಲಕ್ಕೆ ಬರುತ್ತೇನೆ: ವಿಜ್ಞಾನ ಓದಿದರೆ ದೇವರು ಹೋಗುವನೇ? ಜಗತ್ತು ಮಿಥ್ಯೆಯೆನ್ನುವವರು ಇದಕ್ಕೆ ಬೇರೆ ಉತ್ತರ ಹುಡುಕಿಕೊಳ್ಳಲಿ. ನಮ್ಮದು ತತ್ತ್ವವಾದ. ಜಗತ್ತು ಸತ್ಯ, ಭೇದವು ಸತ್ಯ, ಪ್ರತ್ಯಕ್ಷವು ಪ್ರಮಾಣ. ‘ಪ್ರಮಾಣಲಕ್ಷಣ’ದ ಪ್ರಕಾರ ನಿರ್ದೋಷವಾದ ಇಂದ್ರಿಯವು ನಿರ್ದೋಷವಾದ ವಿಷಯದೊಡನೆ ಸೇರುವುದೇ ಪ್ರತ್ಯಕ್ಷ. ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಹತ್ತು ಸಲ ಪರೀಕ್ಷಿಸಿ, ದೋಷವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅಳತೆಯನ್ನು ಬರೆದುಕೊಳ್ಳುವ ಹುಡುಗನು ಈ ಲಕ್ಷಣವನ್ನೇ ಆಚರಿಸುತ್ತಿದ್ದಾನೆ. ಪ್ರತ್ಯಕ್ಷಾನುಮಾನಗಳು ತಲುಪದ ಅತೀಂದ್ರಿಯ ವಿಷಯಗಳಲ್ಲಿ ಆಗಮವೇ ಕಣ್ಣು. ಒಂದರ ಕ್ಷೇತ್ರಕ್ಕೆ ಇನ್ನೊಂದನ್ನು ನುಗ್ಗಿಸಿದಾಗಲೇ ಜಗಳ ಹುಟ್ಟುವುದು. ವೇದದಲ್ಲಿ ರಾಕೆಟ್ಟನ್ನು ಹುಡುಕಿ ಹೆಮ್ಮೆಪಡುವ ಉಪನ್ಯಾಸಗಳನ್ನು ಈಚೆಗೆ ಬಹಳ ಕೇಳುತ್ತಿದ್ದೇವೆ. ನನ್ನ ಮಟ್ಟಿಗೆ ಅದು ಆಗಮಕ್ಕೂ ಅಪಚಾರ, ರಾಕೆಟ್ಟಿಗಾಗಿ ಬೆವರು ಸುರಿಸಿದವರಿಗೂ ಅಪಚಾರ. ಅದಮಾರು ಮಠದ ಶ್ರೀವಿಬುಧೇಶತೀರ್ಥ ಶ್ರೀಪಾದಂಗಳವರು ಅಂಥ ಮಾತಿನಲ್ಲಿ ಕಾಲ ಕಳೆಯದೆ, 1998ರಲ್ಲಿ ದೇವನಹಳ್ಳಿಯ ಬಳಿ ಪೂರ್ಣಪ್ರಜ್ಞರ ಹೆಸರಿನಲ್ಲಿ ವೈಜ್ಞಾನಿಕ ಸಂಶೋಧನಾ ಸಂಸ್ಥೆಯನ್ನೇ ತೆರೆಸಿದರು. ಪೀಠಾಧಿಪತಿಗಳೇ ತೆರೆದ ಬಾಗಿಲಲ್ಲಿ ನಮ್ಮ ಮಕ್ಕಳು ಹೋಗಲು ನಾವೇಕೆ ಅಂಜಬೇಕು?

ಸ್ವವಿಹಿತವಾದ ಕರ್ಮದಿಂದಲೇ ಭಗವಂತನ ಅರ್ಚನೆಯೆಂದು ಗೀತೆಯ ಹದಿನೆಂಟನೆಯ ಅಧ್ಯಾಯವು ಹೇಳುತ್ತದೆ. ಆ ಅರ್ಚನೆಯ ಪ್ರಸಾದ ಯಾರಿಗೆ ಮುಟ್ಟಿತೆಂದು ನೋಡೋಣ. 1977ರ ನವೆಂಬರ್ 19ರಂದು ದಿವಿಸೀಮೆಗೆ ಬಡಿದ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 1990ರ ಮೇ ತಿಂಗಳಲ್ಲಿ ಅಂಥದೇ ಭೀಕರ ಚಂಡಮಾರುತ ಆಂಧ್ರದ ಕರಾವಳಿಗೆ ಬಂದಿತು. ನಾನಾಗ ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿದ್ದೆ. ಗಾಳಿ ಬರುವ ಮೊದಲೇ ಎಚ್ಚರಿಕೆಯ ಸಂದೇಶಗಳು ಬಂದವು, ಗಾಡಿಗಳನ್ನು ಹಿಂದಿನ ಸ್ಟೇಷನ್ನುಗಳಲ್ಲೇ ನಿಲ್ಲಿಸಿದೆವು. ಇನ್ಸಾಟ್ ಉಪಗ್ರಹದ ಮೋಡದ ಚಿತ್ರಗಳು, ಕರಾವಳಿಯ ರಾಡಾರುಗಳು ಮುಂಚಿತವಾಗಿ ತಿಳಿಸಿದ್ದರಿಂದ ಲಕ್ಷಾಂತರ ಜನರನ್ನು ತೆರವು ಮಾಡಲಾಯಿತು. ಸತ್ತವರ ಸಂಖ್ಯೆ ಸಾವಿರದೊಳಗೆ ನಿಂತಿತು. ಅದೂ ದುಃಖವೇ. ಆದರೆ ಅಂದು ಉಳಿದವರ ಲೆಕ್ಕವನ್ನು ಯಾರೂ ಬರೆಯಲಿಲ್ಲ.

1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹದ ಚಿತ್ರಗಳು ನಮ್ಮ ನಗರದ ಹತ್ತಿರದ ಷಾದ್‌ನಗರದಲ್ಲೇ ಇಳಿಯುತ್ತಿದ್ದವು. ಬಾಲಾನಗರದಲ್ಲಿ ಅವನ್ನು ಪರಿಶೀಲಿಸುತ್ತಿದ್ದರು. ಅಂತರ್ಜಲವಿರುವ ಎಡೆಗಳ ನಕ್ಷೆಗಳು ಆ ಚಿತ್ರಗಳಿಂದ ಸಿದ್ಧವಾದವು. ಬಾವಿ ಕೆರೆಗಳನ್ನು ತೋಡಿಸುವುದು ಪೂರ್ತಧರ್ಮವೆಂದು ಸ್ಮೃತಿಗಳು ಹೊಗಳಿವೆ. ನೀರಿರುವ ಕಡೆ ಬೆರಳು ತೋರಿದವನಿಗೆ ಅದರಲ್ಲಿ ಪಾಲಿಲ್ಲವೇ?

ಒಂದು ಮಾತನ್ನು ಮಾತ್ರ ಕಟುವಾಗಿ ಹೇಳಬೇಕಾಗಿದೆ. ‘ಕಾಯಕವೇ ಪೂಜೆ, ಬೇರೆ ಸಂಧ್ಯಾವಂದನೆ ಏಕೆ’ ಎಂದು ಕೆಲವರು ಹೇಳುತ್ತಾರೆ. ಹಾಗೆನ್ನುವವರ ಕಾಯಕವನ್ನೂ ನಾನು ಮೂವತ್ತೈದು ವರ್ಷ ಆಫೀಸಿನಲ್ಲಿ ನೋಡಿದ್ದೇನೆ. ಕರ್ಮವನ್ನು ಅರ್ಪಿಸಬೇಕಾದರೆ ಯಾರಿಗೆ ಅರ್ಪಿಸುತ್ತೇವೆಂಬ ಸ್ಮರಣೆ ಬೇಕು. ಆ ಸ್ಮರಣೆಯನ್ನು ದಿನಕ್ಕೆ ಮೂರು ಸಲ ಹಸಿಯಾಗಿಡುವುದೇ ಸಂಧ್ಯೆ. ಅದನ್ನು ಬಿಟ್ಟವನ ಕೆಲಸ ಕೆಲಸವಾಗಿ ಉಳಿದೀತು, ಅರ್ಚನೆಯಾಗಲಾರದು.

ಹೇವಿಳಂಬಿ ಸಂವತ್ಸರದ ಶ್ರಾವಣ ಮಾಸ ಆರಂಭವಾದ ದಿನ, 2017ರ ಜುಲೈ 24ರಂದು, ರಾಮಚಂದ್ರರಾಯರು ಬೆಂಗಳೂರಿನಲ್ಲಿ ದೇಹವನ್ನು ತ್ಯಜಿಸಿದರು. ಅವರಿಗೆ 85 ವರ್ಷವಾಗಿತ್ತು. ಪೀಣ್ಯದ ಶೆಡ್ಡುಗಳಿಂದ ಬೆಳೆದ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನೇ ಇಟ್ಟರು.

ಆ ತಾಯಿಯ ಮಗ ಮೊನ್ನೆ ಗುರುವಾರ ಮಠಕ್ಕೆ ಬಂದಿದ್ದನು. ಸಂಶೋಧನೆಗೆ ಸೇರಿದ್ದಾನೆ. “ಪ್ರಯೋಗ ನಡುವೆ ಬಿಟ್ಟು ಏಳಲಾಗದ ದಿನ ಸಾಯಂಸಂಧ್ಯೆ ಏನು ಮಾಡಲಿ?” ಎಂದು ಕೇಳಿದನು. ಕಾಲಾತಿಕ್ರಮವಾದರೆ ಪ್ರಾಯಶ್ಚಿತ್ತಾರ್ಘ್ಯ ಒಂದನ್ನು ಹೆಚ್ಚಿಗೆ ಕೊಟ್ಟು ಗೌಣಕಾಲದಲ್ಲಿ ಮಾಡು, ಬಿಡಬೇಡ ಎಂದೆನು. ಕಿಸೆಯಿಂದ ಸಣ್ಣ ಪುಸ್ತಕ ತೆಗೆದು, ಅಳತೆಗಳನ್ನು ಬರೆದಿದ್ದ ಪುಟದ ಅಂಚಿನಲ್ಲೇ ಅದನ್ನೂ ಬರೆದುಕೊಂಡನು.

ಶ್ರೀಕೃಷ್ಣಾರ್ಪಣಮಸ್ತು