ಕೊರಳು ಮತ್ತು ಜೀವದ ಇಚ್ಛೆ

ತರೀಕೆರೆ ಸೀಮೆಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಶಿಲಾಶಾಸನವನ್ನು ರಚಿಸಿದ ಕವಿ ಜನ್ನನ ಸೋದರಳಿಯನೇ ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಎಂಬ ಕನ್ನಡ ವ್ಯಾಕರಣವನ್ನು ಬರೆದ ಕೇಶಿರಾಜ. ಜೀವದ ಇಚ್ಛೆಯಿಂದಲೂ ಅನುಕೂಲವಾದ ವಾಯುವಿನಿಂದಲೂ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಬಿಳಿಯ ಬಣ್ಣದ ಶಬ್ದದ್ರವ್ಯ ಹುಟ್ಟುತ್ತದೆ, ಕಿವಿಗೆ ಬೀಳುವ ಶಬ್ದ ಅದರ ಕಾರ್ಯ ಎಂಬುದು ಅವನ ಮತ. ಇದರ ಹಿಂದಿರುವುದು ಜೈನ ದರ್ಶನ. ಅದರಲ್ಲಿ ಶಬ್ದವು ಪುದ್ಗಲದ, ಎಂದರೆ ಜಡದ್ರವ್ಯದ, ಒಂದು ಅವಸ್ಥೆ. 30 ವರ್ಷ ತಪಸ್ಸು ಮಾಡಿ ಮಡಿದ ಜೈನ ಸಂನ್ಯಾಸಿನಿ ಪಾಂಬಬ್ಬೆಯನ್ನು ಸ್ಮರಿಸುವ ಕಡೂರಿನ 971ರ ಶಾಸನವನ್ನು ನೋಡಿದರೆ, ಆ ದರ್ಶನ ಈ ನೆಲಕ್ಕೆ ಹೊಸದಾಗಿರಲಿಲ್ಲ. ನೈಯಾಯಿಕರಿಗಾದರೋ ಶಬ್ದವು ಹುಟ್ಟಿ ಅಳಿಯುವ ಆಕಾಶದ ಗುಣ. ಮೀಮಾಂಸಕರಿಗೆ ಅದು ನಿತ್ಯ, ಕೊರಳು ಅದನ್ನು ವ್ಯಕ್ತಪಡಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

ಕಂಠ ಮುಚ್ಚಿದಾಗ ನಾದ, ತೆರೆದಾಗ ಶ್ವಾಸ, ನಡುವಣ ಸ್ಥಿತಿಯಲ್ಲಿ ಹಕಾರ ಎಂದು ವೇದದ ಉಚ್ಚಾರಣೆಯನ್ನು ವಿವರಿಸುವ ತೈತ್ತಿರೀಯ ಪ್ರಾತಿಶಾಖ್ಯ ಹೇಳುತ್ತದೆ. ಧ್ವನಿತಂತುಗಳನ್ನು ಕಣ್ಣಾರೆ ಕಾಣದೆಯೇ ಇಷ್ಟನ್ನು ಗ್ರಹಿಸಿದ್ದು ಸಣ್ಣ ಸಾಧನೆಯಲ್ಲ. ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದವರಲ್ಲಿ ಈ ಮಾತು ಪರೀಕ್ಷೆಗೆ ಒಳಗಾಗುತ್ತದೆ. ಬೆಂಗಳೂರಿನ ವೈದ್ಯ ವಿಶಾಲ್ ರಾವ್ ಸುಮಾರು 50 ರೂಪಾಯಿಗೆ ದೊರಕುವಂತೆ ರೂಪಿಸಿದ ‘ಓಂ’ ಎಂಬ ಸಾಧನವನ್ನು ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸಲಾಗುತ್ತದೆ. ರೋಗಿ ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ, ಗಾಳಿ ಅದರ ಮೂಲಕ ಹಾದು ಅನ್ನನಾಳದ ಮೇಲ್ಭಾಗವನ್ನು ಕಂಪಿಸುವಂತೆ ಮಾಡುತ್ತದೆ, ಒರಟು ದನಿಯಲ್ಲಿ ಮಾತು ಹೊರಡುತ್ತದೆ. ವ್ಯಾಕರಣಗಳು ಕವರ್ಗವನ್ನೂ ಹಕಾರವನ್ನೂ ಒಟ್ಟಾಗಿ ಕಂಠ್ಯವೆನ್ನುತ್ತವೆ. ಶಸ್ತ್ರಚಿಕಿತ್ಸೆ ಅವೆರಡನ್ನೂ ಬೇರ್ಪಡಿಸುತ್ತದೆ. ನಾಲಗೆಯ ಹಿಂಭಾಗ ಮೃದುತಾಲುವಿಗೆ ತಾಗಿ ಹುಟ್ಟುವ ಕಕಾರ ಉಳಿಯುತ್ತದೆ, ಧ್ವನಿತಂತುಗಳ ನಡುವೆ ಹುಟ್ಟುವ ಹಕಾರ ಕಷ್ಟವಾಗುತ್ತದೆ, ಕ–ಗಗಳ ಭೇದವೂ ಎಷ್ಟೋ ವೇಳೆ ಮಸುಕಾಗುತ್ತದೆ.

ವ್ಯಂಜಕ, ಎಂದರೆ ಶಬ್ದವನ್ನು ವ್ಯಕ್ತಪಡಿಸುವ ಸಾಧನ, ಬದಲಾದರೂ ಪದ ಅದೇ ಅಲ್ಲವೇ ಎಂದು ಮೀಮಾಂಸಕ ಇಲ್ಲಿ ಗೆಲುವು ಸಾರಬಹುದು. ಹೊಸ ಕಾರಣದಿಂದ ಹುಟ್ಟಿದ್ದು ಹಳೆಯದನ್ನು ಹೋಲುವ ಹೊಸ ಶಬ್ದ ಎಂದು ನೈಯಾಯಿಕ ಮಾರುತ್ತರ ಕೊಡಬಹುದು. ಈ ವ್ಯಾಜ್ಯವನ್ನು ವೈದ್ಯಶಾಸ್ತ್ರ ತೀರಿಸಲಾರದು. ಕೇಶಿರಾಜನ ಬಿಳಿಯ ದ್ರವ್ಯವಂತೂ ನಿಲ್ಲುವುದಿಲ್ಲ, ಶಬ್ದವು ಗಾಳಿಯ ಕಂಪನವೇ. ಆದರೆ ಕೊರಳಿಗಿಂತ ಮೊದಲು ಇಚ್ಛೆಯನ್ನು ಇಟ್ಟ ಅವನ ಕ್ರಮ ಕೊರಳು ಹೋದ ಮೇಲೂ ನಿಲ್ಲುತ್ತದೆ. ಹಾಗೆಂದು ಇಚ್ಛೆಯೊಂದೇ ಸಾಲದು. ಪಾರ್ಶ್ವವಾಯುವಿನಿಂದ ಮಿದುಳಿನ ಭಾಷಾಕ್ಷೇತ್ರ ಕೆಟ್ಟಾಗ, ಉಸಿರೂ ಕೊರಳೂ ಹೇಳಬೇಕೆಂಬ ಹಂಬಲವೂ ಇದ್ದು ಪದ ಮಾತ್ರ ಒದಗುವುದಿಲ್ಲ. ಕೇಶಿರಾಜನ ಸರಣಿಯಲ್ಲಿ ಈ ನಡುವಣ ಮೆಟ್ಟಿಲಿಲ್ಲ. ಆತ್ಮವು ಬುದ್ಧಿಯೊಡನೆ ಅರ್ಥಗಳನ್ನು ಕೂಡಿಸಿಕೊಂಡು ಆಮೇಲೆ ಮನಸ್ಸನ್ನು ಮಾತಿಗೆ ತೊಡಗಿಸುತ್ತದೆ ಎನ್ನುವ ‘ಪಾಣಿನೀಯ ಶಿಕ್ಷೆ’ ಎಂಬ ಉಚ್ಚಾರಣಶಾಸ್ತ್ರದ ಗ್ರಂಥದಲ್ಲಿ ಅದಕ್ಕೆ ಎಡೆಯಿದೆ.