ಹೊರಡುವ ಹಾದಿ ತೆರೆದಿರಲಿ: ಶ್ರದ್ಧೆಯ ಪ್ರೇಮಕಥೆಯ ಮೀಮಾಂಸೆ

ಗಂಡನನ್ನು ಮಣ್ಣು ಮಾಡಿದ ದಿನವೇ, ಇನ್ನೂ ಇಪ್ಪತ್ತು ತುಂಬದ ಬಸುರಿಯ ಮುಂದೆ ಗುರುತು ಪರಿಚಯವಿಲ್ಲದ ಗಂಡಸೊಬ್ಬ ಬಂದು ಮದುವೆಯ ಮಾತೆತ್ತುತ್ತಾನೆ. ಅವನೂ ಹೆಂಡತಿಯನ್ನು ಕಳೆದುಕೊಂಡವನು. ಮನೆಯಲ್ಲಿ ತಾಯಿಯಿಲ್ಲದ ಪುಟ್ಟ ಮಗಳಿದ್ದಾಳೆ. ಅಮೆರಿಕದ ಪಶ್ಚಿಮದ ಹುಲ್ಲುಗಾವಲಿಗೆ ಚಳಿಗಾಲ ಕಾಲಿಡುತ್ತಿದೆ. ಅವಳ ಬಳಿ ಇರುವುದು ಒಂದು ಮುರುಕು ಬಂಡಿ ಮಾತ್ರ. ಅವನು ಪ್ರೀತಿಯ ಮಾತೇ ಆಡುವುದಿಲ್ಲ. ಮಗುವಿಗೆ ತಾಯಿ ಬೇಕು, ನಿನಗೆ ಸೂರು ಬೇಕು ಎನ್ನುತ್ತಾನೆ. ವಸಂತದಲ್ಲಿ ಪೂರ್ವಕ್ಕೆ ಮರಳುವ ಬಂಡಿಸಾಲಿನಲ್ಲಿ ಹೋಗಬೇಕೆನಿಸಿದರೆ ದಾರಿಖರ್ಚು ನಾನೇ ಕೊಡುತ್ತೇನೆ, ನನ್ನ ಮಗಳನ್ನೂ ಜೊತೆಗೆ ಕರೆದೊಯ್ಯಬೇಕೆಂಬುದೊಂದೇ ಷರತ್ತು ಎನ್ನುತ್ತಾನೆ. ಜಾನೆಟ್ ಓಕ್ ಬರೆದ 'ಲವ್ ಕಮ್ಸ್ ಸಾಫ್ಟ್‌ಲಿ' ಶುರುವಾಗುವುದು ಹೀಗೆ. ಹೆಂಗಸಿನ ಹೆಸರು ಮಾರ್ಟಿ, ಗಂಡಸಿನ ಹೆಸರು ಕ್ಲಾರ್ಕ್ ಡೇವಿಸ್, ಮಗು ಮಿಸ್ಸಿ.

ಓಕ್ ಹುಟ್ಟಿದ್ದು 1935ರಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಚಾಂಪಿಯನ್ ಎಂಬ ಊರಿನಲ್ಲಿ. ಈ ಮೊದಲ ಕಾದಂಬರಿಯನ್ನು ಮಿನೆಸೋಟದ ಕ್ರೈಸ್ತ ಪ್ರಕಾಶನ ಸಂಸ್ಥೆ ಬೆಥನಿ ಹೌಸ್ 1979ರಲ್ಲಿ ಹೊರತಂದಾಗ ಆಕೆಗೆ ವಯಸ್ಸು ನಲವತ್ತು ದಾಟಿತ್ತು. ಮುಂದೆ ಅದೇ ಕುಟುಂಬದ ಕಥೆ ಎಂಟು ಪುಸ್ತಕಗಳಿಗೆ ಬೆಳೆಯಿತು, 2003ರಲ್ಲಿ ಹಾಲ್‌ಮಾರ್ಕ್ ವಾಹಿನಿಯ ಚಿತ್ರವೂ ಆಯಿತು. ದೇವರ ಮೇಲಿನ ಭರವಸೆ, ಹಳೆಯ ಕಾಲದ ಬದುಕು, ಗಂಡುಹೆಣ್ಣಿನ ಒಲವು ಈ ಮೂರನ್ನು ಒಂದೇ ಕಥೆಯಲ್ಲಿ ನೇಯುವ ಪ್ರಕಾರಕ್ಕೆ ಅಮೆರಿಕದ ಪುಸ್ತಕದಂಗಡಿಗಳಲ್ಲಿ ಪ್ರತ್ಯೇಕ ಕಪಾಟು ದೊರೆತದ್ದರಲ್ಲಿ ಈ ಚೊಚ್ಚಲ ಕೃತಿಯ ಪಾಲು ದೊಡ್ಡದು. ಹಾಗೆಂದು ಇದಕ್ಕೆ ಪೂರ್ವಜರಿಲ್ಲವೆಂದಲ್ಲ. ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ 20ನೇ ಶತಮಾನದ ಮೊದಲರ್ಧದಲ್ಲೇ ಇಂಥ ಕಥೆಗಳನ್ನು ಬರೆದಿದ್ದರು. ಕ್ಯಾಥರಿನ್ ಮಾರ್ಷಲ್ ಅವರ 'ಕ್ರಿಸ್ಟಿ' 1967ರಲ್ಲಿ ಬಂದಿತ್ತು.

ವಿಷಯ ಇದು. ಸಂಶಯವೆಂದರೆ: ದೇವರ ಕಡೆಗೆ ತಿರುಗಿಸಬೇಕೆಂಬ ಉದ್ದೇಶವಿಟ್ಟುಕೊಂಡೇ ಹೊರಟ ಕಥೆಯಲ್ಲಿ ಒಲವು ತಾನಾಗಿ ಹುಟ್ಟೀತೇ, ಅಥವಾ ಲೇಖಕಿ ಮೊದಲೇ ಹೂಡಿಟ್ಟ ಹೂಟವಾಗಿಯೇ ಉಳಿದೀತೇ?

ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಡವೆಂದು ಎದ್ದು ಹೊರಡುವ ಹಾದಿ ನಾಯಕಿಗೆ ಕಥೆಯೊಳಗೇ ತೆರೆದಿದ್ದರೆ ಮಾತ್ರ ಈ ಪ್ರಕಾರದಲ್ಲಿ ಒಲವೂ ನಿಜವಾಗುತ್ತದೆ, ಶ್ರದ್ಧೆಯೂ ನಿಜವಾಗುತ್ತದೆ. ಎರಡಕ್ಕೂ ಒಂದೇ ನಿಯಮ. ಬಲವಂತದ ಪ್ರೀತಿಯನ್ನು ಯಾರೂ ಪ್ರೀತಿಯೆನ್ನುವುದಿಲ್ಲ, ಬಲವಂತದ ಪ್ರಾರ್ಥನೆಯನ್ನು ಪ್ರಾರ್ಥನೆಯೆನ್ನುವುದಕ್ಕೂ ಆಗದು. ಓಕ್ ಕಾದಂಬರಿಯ ವಸಂತದ ಬಂಡಿಸಾಲು ಈ ನಿಯಮದ ಸಾಕಾರರೂಪ. ಚಳಿಗಾಲದುದ್ದಕ್ಕೂ ಅದು ಕಥೆಯ ಹಿನ್ನೆಲೆಯಲ್ಲಿ ನಿಂತಿರುತ್ತದೆ. ಮಾರ್ಟಿ ಅಡುಗೆ ಬಾರದೆ ಹೊತ್ತುಹೊತ್ತಿಗೂ ಪ್ಯಾನ್‌ಕೇಕನ್ನೇ ಸುಡುವಾಗಲೂ, ಮಿಸ್ಸಿಯ ಹಟಕ್ಕೆ ಸೋಲುವಾಗಲೂ, ಹೆರಿಗೆಯ ನೋವು ತಿನ್ನುವಾಗಲೂ, ಅವಳು ಹೋಗಬಲ್ಲಳು ಎಂಬುದನ್ನು ಓದುಗ ಮರೆಯುವುದಿಲ್ಲ. ಉಳಿದಾಗ ಆ ಉಳಿಯುವಿಕೆಗೆ ತೂಕ ಬರುವುದು ಇದರಿಂದಲೇ.

ಇಲ್ಲಿ ಮೊದಲ ಪೂರ್ವಪಕ್ಷ: ಇದು ಕಥೆಯ ವೇಷ ತೊಟ್ಟ ಉಪದೇಶ, ಉಪದೇಶವಿದ್ದಲ್ಲಿ ಕಲೆ ನಿಲ್ಲದು. ಸಮಾಧಾನವನ್ನು ನಮ್ಮ ಅಲಂಕಾರಶಾಸ್ತ್ರ ಬಹಳ ಹಿಂದೆಯೇ ಕೊಟ್ಟಿದೆ. ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟ ಕಾಂತಾಸಮ್ಮಿತ ಉಪದೇಶವನ್ನೂ ಸೇರಿಸಿದ್ದಾನೆ. ವೇದದ ಆಜ್ಞೆ, ಮಿತ್ರನ ಹಿತವಚನ ಇವೆರಡಕ್ಕೂ ಹೊರತಾದದ್ದು, ಪ್ರಿಯೆಯ ಮಾತಿನಂತೆ ಒಲಿಸಿಕೊಳ್ಳುವುದು. ಆದ್ದರಿಂದ ಉಪದೇಶವಿದೆಯೇ ಎಂದು ಕೇಳುವ ಅಗತ್ಯವಿಲ್ಲ, ಯಾವ ಬಗೆಯ ಉಪದೇಶ ಎಂದು ಕೇಳಿದರೆ ಸಾಕು. ಕ್ಲಾರ್ಕ್ ಊಟಕ್ಕೆ ಮುಂಚೆ ದೇವರೊಡನೆ ಮಾತಾಡುತ್ತಾನೆ, ಬೈಬಲ್ ಓದುತ್ತಾನೆ. ಮಾರ್ಟಿಗೆ ಅದು ಅರ್ಥವಾಗುವುದಿಲ್ಲ, ಅರ್ಥವಾಗಲೇಬೇಕೆಂದು ಅವನು ಪಟ್ಟು ಹಿಡಿಯುವುದೂ ಇಲ್ಲ. ಗುಡಿಸಲನ್ನು ಅವಳಿಗೂ ಮಗುವಿಗೂ ಬಿಟ್ಟುಕೊಟ್ಟು ಪಕ್ಕದ ಇಳಿಮಾಡಿನಲ್ಲಿ ತಾನು ಮಲಗುತ್ತಾನೆ. ಹುಟ್ಟಿದ ಗಂಡುಮಗುವಿಗೆ ಅವಳು ಸತ್ತ ಗಂಡನ ಮನೆತನದ ಹೆಸರಾದ ಕ್ಲಾರಿಜ್ ಎಂದೇ ಇಡುತ್ತಾಳೆ. ಆ ಹೆಸರೂ ಅವನ ಮನೆಯಲ್ಲಿ ಬೆಳೆಯುತ್ತದೆ. ಅವನ ಧರ್ಮ ಏನೆಂದು ಓದುಗನಿಗೆ ತಿಳಿಯುವುದು ಇಂಥ ನಡೆಗಳಿಂದ.

ಕನ್ನಡದ ಓದುಗರು ಈ ಆಕ್ಷೇಪವನ್ನು ಎತ್ತುವ ಮುನ್ನ ನಮ್ಮದೇ ಆರಂಭವನ್ನು ನೆನೆಯಬೇಕು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂಬ ಮನ್ನಣೆ ಅದಕ್ಕಿದೆ. ಅದೂ ಲೇಖಕರ ಮೊದಲ ಕಾದಂಬರಿಯೇ. ಅಲ್ಲಿಯೂ ಎಳೆಯ ವಿಧವೆಯೊಬ್ಬಳು ಮರುಮದುವೆಯ ಕಡೆಗೆ ನಡೆಯುತ್ತಾಳೆ. 'ಸದ್ಧರ್ಮ ವಿಜಯ' ಎಂಬ ಎರಡನೆಯ ಹೆಸರನ್ನು ಮುಖಪುಟದಲ್ಲೇ ಹೊತ್ತುಕೊಂಡ ಆ ಕೃತಿಯನ್ನು ಉದ್ದೇಶವಿದೆಯೆಂಬ ಕಾರಣಕ್ಕೆ ನಾವು ತಳ್ಳಿಹಾಕಿಲ್ಲ. ಇಂದಿರೆ ಮನೆ ಬಿಟ್ಟು ಹೊರಡುತ್ತಾಳೆ. ಹೊರಟದ್ದರಿಂದಲೇ ಅವಳ ಮದುವೆ ಅವಳದ್ದಾಗುತ್ತದೆ.

ಎರಡನೆಯ ಆಕ್ಷೇಪ: ಕೊನೆ ಮೊದಲೇ ಗೊತ್ತು, ಇನ್ನು ಕುತೂಹಲವೇನು? ಇದಕ್ಕೆ ಹೆಚ್ಚು ಮಾತು ಬೇಕಿಲ್ಲ. ಸೀತೆಯನ್ನು ಕದ್ದವನಾರೆಂದು ತಿಳಿಯದೆ ಯಾರೂ ಯಕ್ಷಗಾನಕ್ಕೆ ಹೋಗುವುದಿಲ್ಲ. ಇಂದು ರಾವಣ ಹೇಗೆ ಬರುತ್ತಾನೆಂದು ನೋಡಲು ರಾತ್ರಿಯಿಡೀ ಕೂರುತ್ತಾರೆ.

ಮೂರನೆಯದು ಸೂಕ್ಷ್ಮವಾದದ್ದು. ದೇವರ ವಿಷಯದ ರತಿ ಭಾವ ಮಾತ್ರ, ರಸವಾಗಲಾರದು ಎಂದು ಮಮ್ಮಟನೇ ಹೇಳಿದ್ದಾನಲ್ಲ, ಮೇಲಾಗಿ ಕ್ರಿಸ್ತನನ್ನು ನಂಬದ ಓದುಗನಿಗೆ ಮಾರ್ಟಿಯ ಪರಿವರ್ತನೆಯಿಂದ ಏನು? 16ನೇ ಶತಮಾನದಲ್ಲಿ ರೂಪಗೋಸ್ವಾಮಿ ಭಕ್ತಿಯನ್ನೇ ರಸವೆಂದು ಸ್ಥಾಪಿಸಿದ್ದನ್ನು ಇಲ್ಲಿ ಎದುರಿಡಬಹುದು, ಆದರೆ ನನಗೆ ಆ ಆಸರೆ ಬೇಕಿಲ್ಲ. ಭಾವವೆಂದೇ ಒಪ್ಪಿಕೊಳ್ಳೋಣ. ಈ ಕಾದಂಬರಿಯಲ್ಲಿ ಅಂಗಿಯಾಗಿರುವುದು ಕರುಣದಿಂದ ಶೃಂಗಾರದ ಕಡೆಗಿನ ಪಯಣ. ಶ್ರದ್ಧೆ ಅದಕ್ಕೆ ಅಂಗವಾಗಿ ಬರುತ್ತದೆ. ಸಾವಿಗೆ ಅರ್ಥ ಹುಡುಕುತ್ತಿರುವ ಒಬ್ಬ ಹುಡುಗಿ, ತನ್ನಂತೆಯೇ ಹೆಂಡತಿಯನ್ನು ಹೂಳಿದ ಗಂಡಸು ಹೇಗೆ ಒಡೆಯದೆ ನಿಂತಿದ್ದಾನೆಂದು ನೋಡಿ, ಅವನು ಆತುಕೊಂಡಿರುವ ಆಸರೆಯ ಕಡೆಗೆ ಕಣ್ಣು ಹಾಯಿಸುತ್ತಾಳೆ. ಈ ಕುತೂಹಲಕ್ಕೆ ಮತವಿಲ್ಲ. ಶರಣರ ವಚನಗಳನ್ನು ಲಿಂಗಧಾರಿಗಳಲ್ಲದವರೂ ಓದಿ ಕಣ್ಣು ಒದ್ದೆ ಮಾಡಿಕೊಳ್ಳುವ ನಾಡಿನಲ್ಲಿ ಇದಕ್ಕೆ ಬೇರೆ ಪ್ರಮಾಣ ಬೇಡ. ಆದರೆ ಇಷ್ಟನ್ನು ಒಪ್ಪಲೇಬೇಕು: ನಾಯಕಿ ದೇವರನ್ನು ನಂಬಿದೊಡನೆ ಬಹುಮಾನದಂತೆ ಗಂಡ ದೊರಕಿದರೆ, ಅಥವಾ ಗಂಡ ಬೇಕೆಂದು ದೇವರನ್ನು ನಂಬಿದರೆ, ಅಲ್ಲಿ ಭಾವವೂ ಇಲ್ಲ, ರಸವೂ ಇಲ್ಲ. ಈ ಪ್ರಕಾರದ ಬಹಳಷ್ಟು ಪುಸ್ತಕಗಳು ಸೋಲುವುದು ಈ ವ್ಯಾಪಾರದಲ್ಲಿ.

ನಾಲ್ಕನೆಯ ಆಕ್ಷೇಪ ನನ್ನ ಸಿದ್ಧಾಂತದ ಬುಡಕ್ಕೇ ಬೀಳುತ್ತದೆ. ಹೊರಡುವ ಹಾದಿ ಎನ್ನುತ್ತೀರಿ, ಬಸುರಿ, ಬಡವಿ, ಹೊರಗೆ ಹಿಮ, ಅವಳಿಗೆ ಎಂಥ ಹಾದಿ? ಚಳಿಗಾಲವಿಡೀ ಅವನ ಅನ್ನ ತಿಂದು ವಸಂತದಲ್ಲಿ ಸ್ವತಂತ್ರಳಾಗುತ್ತಾಳೆಂಬುದು ಕಟ್ಟುಕಥೆ. ಅದರ ಮೇಲೆ ಮಗುವನ್ನು ಕರೆದೊಯ್ಯಬೇಕೆಂಬ ಷರತ್ತು ಬೇರೆ.

ಈ ಮಾತಿನಲ್ಲಿ ಸತ್ಯವಿದೆ. ಮೊದಲ ದಿನದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ನಾನೂ ಹೇಳುತ್ತೇನೆ. ಬೇರೆ ದಿಕ್ಕಿಲ್ಲದವಳ 'ಹೂಂ' ಅದು. ಓಕ್ ಅದನ್ನು ಒಲವೆಂದು ಬಣ್ಣಿಸಲು ಹೋಗುವುದಿಲ್ಲ, ಮಾರ್ಟಿಯ ಸಿಟ್ಟನ್ನು, ಅವಮಾನವನ್ನು ಮುಚ್ಚಿಡುವುದಿಲ್ಲ. ಆ ದಿನದ ಮದುವೆ ಕಾಗದದ ಮೇಲಿನದು. ಷರತ್ತಿನ ವಿಷಯದಲ್ಲಂತೂ ನನ್ನ ಓದು ಬೇರೆ: ತನ್ನ ಏಕೈಕ ಮಗಳನ್ನು ಕಳುಹಿಸಿಕೊಡಲು ತಯಾರಾದ ತಂದೆ ಅಲ್ಲಿ ಕಟ್ಟಿಹಾಕುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಆದರೂ ಹಾದಿ ಕಿರಿದು, ಅದನ್ನು ಅಗಲವೆಂದು ವಾದಿಸಲಾರೆ.

ಹೋಲಿಕೆಗೆ ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' ನೋಡಿ. ಸಾಮಾನ್ಯ ಪ್ರೇಮಕಾದಂಬರಿಗಳನ್ನು ಬರೆಯುತ್ತಿದ್ದ ರಿವರ್ಸ್ ಶ್ರದ್ಧೆಯ ದಾರಿಗೆ ಹೊರಳಿದ ಮೇಲೆ 1991ರಲ್ಲಿ ಬಂದ ಪುಸ್ತಕ. ಬೈಬಲಿನ ಪ್ರವಾದಿ ಹೋಶೇಯನ ಕಥೆಯನ್ನು 1850ರ ಹೊತ್ತಿನ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯೂರಿಗೆ ತಂದಿದ್ದಾರೆ. ಏಂಜೆಲ್ ಎಂಬ ವೇಶ್ಯೆಯನ್ನು ಮೈಕೇಲ್ ಹೋಶೇಯ ಮದುವೆಯಾಗುವುದು, ಅವಳು ಹೊಡೆತ ತಿಂದು ಅರೆಪ್ರಜ್ಞೆಯಲ್ಲಿ ಮಲಗಿದ್ದಾಗ. ದೇವರ ಆಜ್ಞೆಯೆಂದು ಅವನು ನಂಬಿದ್ದಾನೆ, ಸರಿ, ಆದರೆ ಅವಳ ಒಪ್ಪಿಗೆ ಎಲ್ಲಿದೆ? ನನ್ನ ಅಳತೆಗೋಲಿನಲ್ಲಿ ಆ ಕಾದಂಬರಿ ಮೊದಲ ಭಾಗದಲ್ಲಿ ಎಡವುತ್ತದೆ. ಅದನ್ನು ಎತ್ತಿ ನಿಲ್ಲಿಸುವವಳು ಏಂಜೆಲ್ ತಾನೇ: ಮತ್ತೆ ಮತ್ತೆ ಮನೆ ಬಿಟ್ಟು ಹೋಗುತ್ತಾಳೆ, ಕಡೆಯ ಬಾರಿ ವರ್ಷಗಳ ಕಾಲ ದೂರವಿದ್ದು, ತನ್ನದೇ ದುಡಿಮೆ ಕಂಡುಕೊಂಡು, ಆಮೇಲೆ ತಾನಾಗಿ ಮರಳುತ್ತಾಳೆ. ಕಡೆಯ ಆ ಮರಳುವಿಕೆ ಇಲ್ಲದಿದ್ದರೆ ಆ ಪುಸ್ತಕವನ್ನು ಸಮರ್ಥಿಸಲು ನನ್ನಿಂದಾಗುತ್ತಿರಲಿಲ್ಲ.

ಐದನೆಯ ಆಕ್ಷೇಪ ಇತಿಹಾಸದ್ದು. ಇದಕ್ಕೆ ಪೂರ್ತಿ ಸಮಾಧಾನ ನನ್ನಲ್ಲಿಲ್ಲ. ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯಿದೆ ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಕೊಟ್ಟಿತು. ಕೆನಡಾ 1872ರಲ್ಲಿ ಅದೇ ಮಾದರಿಯ ಕಾಯಿದೆ ತಂದಿತು. ಕೊಡಲು ಆ ನೆಲ ಯಾರದಾಗಿತ್ತು? ಓಕ್ ಹುಟ್ಟಿದ ಚಾಂಪಿಯನ್ ಇರುವ ದಕ್ಷಿಣ ಆಲ್ಬರ್ಟಾ, 1877ರ ಏಳನೆಯ ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಬ್ಲ್ಯಾಕ್‌ಫುಟ್ ಜನಗಳ ಕಾಡೆಮ್ಮೆ ಬೇಟೆಯ ಬಯಲು. ಹುಲ್ಲುಗಾವಲಿನ ಪ್ರೇಮಕಥೆಗಳಲ್ಲಿ ಈ ಬಯಲು ಬಹುತೇಕ ಖಾಲಿಯಾಗಿಯೇ ಕಾಣುತ್ತದೆ, ಯಾರೋ ಗುಡಿಸಿ ಸಾರಿಸಿ ಬಿಟ್ಟುಹೋದ ಮನೆಯಂತೆ. ಶ್ರದ್ಧೆಯ ಕಥೆಗೆ ಇದು ಸಣ್ಣ ಲೋಪವಲ್ಲ. ದೇವರು ಕೊಟ್ಟ ನೆಲವೆಂದು ಪಾತ್ರ ಕೈಮುಗಿಯುವಾಗ, ಆ ನೆಲವನ್ನು ಯಾರಿಂದ ಕಿತ್ತುಕೊಳ್ಳಲಾಯಿತೆಂದು ಕೃತಿಗೆ ಗೊತ್ತಿರಬೇಕು. ಆ ಜನಕ್ಕೆ ಹೊರಡುವ ಹಾದಿಯೊಂದೇ ಉಳಿದಿತ್ತು, ಉಳಿಯುವ ಹಾದಿ ಇರಲಿಲ್ಲ. ನನ್ನ ನಿಯಮವೇ ಇಲ್ಲಿ ಈ ಪ್ರಕಾರದ ವಿರುದ್ಧ ಸಾಕ್ಷಿ ಹೇಳುತ್ತದೆ.

ಆದರೆ 'ಇದರಲ್ಲಿ ಇತಿಹಾಸವೇ ಇಲ್ಲ' ಎಂಬ ಮುಂದಿನ ಹೆಜ್ಜೆಯನ್ನು ಒಪ್ಪಲಾರೆ. ರಾಜ್ಯ, ಯುದ್ಧ, ಒಪ್ಪಂದಗಳು ಮಾತ್ರ ಇತಿಹಾಸವಲ್ಲ. ಒಲೆ ಉರಿಸುವುದು, ಸಾಬೂನು ಕಾಯಿಸುವುದು, ಆಸ್ಪತ್ರೆಯಿಲ್ಲದ ಬಯಲಿನಲ್ಲಿ ನೆರೆಯ ಹೆಂಗಸು ಬಂದು ಹೆರಿಗೆ ಮಾಡಿಸುವುದು, ಇವೂ ಆ ಕಾಲದ ದಾಖಲೆಗಳೇ. ಓಕ್ ಕಾದಂಬರಿಯಲ್ಲಿ ಮಾ ಗ್ರಹಾಂ ಎಂಬ ನೆರೆಯಾಕೆಯಿಂದ ಮಾರ್ಟಿ ಕಲಿಯುವ ಕೆಲಸಗಳನ್ನು ಓದಿದವರಿಗೆ ಆ ಬದುಕಿನ ದಣಿವು ಕೈಗೆ ತಾಗುತ್ತದೆ.

ನಾಲ್ಕನೆಯ ಮತ್ತು ಐದನೆಯ ಆಕ್ಷೇಪ ಎರಡೂ ಸೇರಿ ಹೊಸ ಲೇಖಕರಿಗೆ ಒಂದು ದಾರಿ ತೋರಿಸುತ್ತವೆ ಎಂದು ನನಗೆ ಗಾಢವಾಗಿ ಅನಿಸುತ್ತದೆ. ಹೋಮ್‌ಸ್ಟೆಡ್ ಕಾಯಿದೆಯಡಿ ವಿಧವೆಯರೂ ಮದುವೆಯಾಗದ ಹೆಂಗಸರೂ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು, ಹಾಕಿದವರು ಅನೇಕರು. ಎಲಿನೋರ್ ಪ್ರೂಯಿಟ್ ಸ್ಟೂವರ್ಟ್ ಅವರಲ್ಲೊಬ್ಬಳು. 1909ರಲ್ಲಿ ಪುಟ್ಟ ಮಗಳು ಜೆರೀನ್‌ಳನ್ನು ಕರೆದುಕೊಂಡು ಡೆನ್ವರಿನಿಂದ ವಯೋಮಿಂಗಿನ ಬರ್ನ್ಟ್‌ಫೋರ್ಕ್‌ಗೆ ಬಂದು, ಕ್ಲೈಡ್ ಸ್ಟೂವರ್ಟ್ ಎಂಬ ಹೆಂಡತಿ ಸತ್ತ ರೈತನ ಮನೆಗೆಲಸಕ್ಕೆ ನಿಂತಳು. ಕೆಲವೇ ವಾರಗಳಲ್ಲಿ ಪಕ್ಕದ ನೆಲಕ್ಕೆ ತನ್ನ ಹೆಸರಿನಲ್ಲಿ ಅರ್ಜಿ ಹಾಕಿದಳು, ಅದೇ ಹೊತ್ತಿನಲ್ಲಿ ಕ್ಲೈಡನನ್ನು ಮದುವೆಯೂ ಆದಳು. ಹಳೆಯ ಯಜಮಾನಿಗೆ ಅವಳು ಬರೆದ ಪತ್ರಗಳು 1914ರಲ್ಲಿ ಪುಸ್ತಕವಾದವು. ಅವುಗಳಲ್ಲಿ ಎಷ್ಟು ಉಲ್ಲಾಸ, ಎಷ್ಟು ಜೀವ! ಆ ಪತ್ರಗಳನ್ನು ಆಧರಿಸಿದ 'ಹಾರ್ಟ್‌ಲ್ಯಾಂಡ್' ಚಿತ್ರ ಬಂದದ್ದು 1979ರಲ್ಲಿ, ಓಕ್ ಕಾದಂಬರಿ ಬಂದ ವರ್ಷವೇ. ಒಂದೇ ಬಗೆಯ ಕಥೆ, ಒಂದೇ ವರ್ಷ, ಎರಡು ದಾರಿ.

ಎಲಿನೋರ್ ಕೊನೆಗೆ ತನ್ನ ಅರ್ಜಿಯ ಹಕ್ಕನ್ನು ಬಿಟ್ಟುಕೊಟ್ಟಳು, ನೆಲ ಅತ್ತೆಯ ಹೆಸರಿಗೆ ಹೋಯಿತು. ಪತ್ರಗಳಲ್ಲಿ ತನ್ನನ್ನು ವಿಧವೆಯೆಂದೇ ತೋರಿಸಿಕೊಂಡಿದ್ದಳು, ನಿಜಕ್ಕೆ ಗಂಡನಿಂದ ಬೇರೆಯಾದವಳು. ಶ್ರದ್ಧೆಯ ಕಾದಂಬರಿ ಈ ತೊಡಕುಗಳಿಗೆ ಹೆದರಬಾರದು. ಚೊಚ್ಚಲ ಕಾದಂಬರಿ ಬರೆಯಲು ಕೂತವರು ಮಾರ್ಟಿಯಂಥವಳಿಗೆ ಬಂಡಿಸಾಲಿನ ಖರ್ಚನ್ನು ಗಂಡಸಿನ ಕೈಯಿಂದ ಕೊಡಿಸುವ ಬದಲು 160 ಎಕರೆಯ ಅರ್ಜಿಯನ್ನು ಅವಳ ಹೆಸರಿನಲ್ಲೇ ಬರೆಸಲಿ. ಆ ನೆಲದ ಹಿಂದಿನ ಒಡೆಯರು ಎಲ್ಲಿ ಹೋದರೆಂದು ಅವಳ ಬಾಯಿಂದಲೇ ಕೇಳಿಸಲಿ. ಆಮೇಲೆ ಪಕ್ಕದ ಹೊಲದವನು ಬಂದು ಬೇಲಿಯ ಆಚೆ ನಿಂತು ಮಾತಾಡಲಿ.