ಕಿಟಕಿಯಿಂದ ಬಿದ್ದ ಟವೆಲ್ಲು

ಹೊಸಪೇಟೆ ನಿಲ್ದಾಣಕ್ಕೆ ಕಂಪ್ಲಿ ಬಸ್ಸು ಬಂತೆಂದರೆ ಬಾಗಿಲಿಗಿಂತ ಮೊದಲು ಕಿಟಕಿಗಳಿಗೆ ಕೆಲಸ. ಟವೆಲ್ಲು, ಕೈಚೀಲ, ಒಮ್ಮೊಮ್ಮೆ ಮಗುವೂ ಒಳಗೆ ಹೋಗುತ್ತದೆ. ಬಟ್ಟೆ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ಯಾವ ಕಾನೂನಿನಲ್ಲೂ ಇಲ್ಲದ ಈ ಹಕ್ಕನ್ನು ನಾವು ಒಪ್ಪುವುದೇಕೆ? ನಾಳೆ ನಮ್ಮ ಟವೆಲ್ಲಿಗೂ ಅದೇ ಮರ್ಯಾದೆ ಬೇಕಲ್ಲ! ಆದರೆ ಕಿಟಕಿಗೆ ಕೈ ಎಟುಕದ ಮುದುಕಿಗೆ ಈ ಒಪ್ಪಂದದಲ್ಲಿ ಪಾಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ‘ದುಡ್ಡು ಕೊಟ್ಟವರು ನಿಲ್ಲಬೇಕೇ?’ ಎಂಬ ಗೊಣಗಾಟವೂ ಸೇರಿಕೊಂಡಿದೆ. ಈ ಬಸ್ಸುಗಳಲ್ಲಿ ಟಿಕೆಟ್ಟು ಕೊಡುವುದು ಪ್ರಯಾಣವನ್ನು, ಸೀಟನ್ನಲ್ಲ. ಹಿಂದೆಯೂ ದುಡ್ಡು ಕೊಟ್ಟವರು ನಿಂತೇ ಹೋಗುತ್ತಿದ್ದರು.

ಇಲ್ಲಿಂದ ಸುಮಾರು 13 ಕಿ.ಮೀ. ದೂರದ ಹಂಪಿ ಬಜಾರಿನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ವಿರೂಪಾಕ್ಷ ಗುಡಿಯೆದುರಿನ ಸಾಲುಮಂಟಪಗಳಲ್ಲಿ ದಶಕಗಳಿಂದ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ಒಕ್ಕಲೆಬ್ಬಿಸಲಾಯಿತು. ಸ್ಮಾರಕ ಎಲ್ಲರದು ಎಂಬ ಮಾತು ಸರಿಯೇ. ಮೊದಲು ಬಂದು ಕುಳಿತದ್ದಷ್ಟೇ ಹಕ್ಕಾಗದು. ಆದರೆ ಎದ್ದವರು ಎಲ್ಲಿ ಕೂರಬೇಕೆಂಬುದು ಎಬ್ಬಿಸುವ ಮುನ್ನವೇ ತೀರ್ಮಾನವಾಗಬೇಕಿತ್ತು.

ಕಂಪ್ಲಿ ಬಸ್ಸಿನಲ್ಲಿ ‘ಏಳಿ’ ಎನ್ನುವವರು ಕಡಿಮೆ. ‘ಸ್ವಲ್ಪ ಸರೀರಿ’ ಎನ್ನುತ್ತಾರೆ, ಮೂವರ ಸೀಟಿನಲ್ಲಿ ನಾಲ್ಕನೆಯವರೂ ಕಮಲಾಪುರ ದಾಟುತ್ತಾರೆ.